ದಶಮಾಂಶಕ್ಕೆ ಒಂದು ಪುಸ್ತಕ, ತೆರಿಗೆಗೆ ಇನ್ನೊಂದು

ಪ್ರಶ್ನೆ: ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ನನ್ನದು ಕಿರಾಣಿ ಅಂಗಡಿ. ಅಜ್ಜನ ಕಾಲದಿಂದ ನಾವು ಕ್ರೈಸ್ತರು, ಚರ್ಚಿನ ಸಭೆಗೆ ಸೇರಿದವರು. "ಇವರು ಸಭೆಯವರು, ಮೋಸ ಮಾಡೋದಿಲ್ಲ" ಅಂತಲೇ ಕೆಲವರು ನಮ್ಮಲ್ಲಿಗೆ ಬರುತ್ತಾರೆ. ಈಗ ಆ ಮಾತೇ ಚುಚ್ಚುತ್ತಿದೆ. 2025ರ ಜುಲೈನಲ್ಲಿ ಯುಪಿಐ ನೋಟಿಸ್‌ಗಳ ಗಲಾಟೆ ಆದಾಗ ಕ್ಯೂಆರ್ ಬೋರ್ಡು ತೆಗೆದು ಒಳಗಿಟ್ಟೆ. ಅಂದಿನಿಂದ ನಗದು ಮಾತ್ರ. ದಿನಕ್ಕೆ ಸರಾಸರಿ 16,000 ರೂಪಾಯಿ ವ್ಯಾಪಾರ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವರ್ಷಕ್ಕೆ 34 ಲಕ್ಷ ವಹಿವಾಟು, 2.72 ಲಕ್ಷ ಲಾಭ ಅಂತ ತೋರಿಸುತ್ತೇನೆ. ನಿಜವಾಗಿ ವಹಿವಾಟು 40 ಲಕ್ಷ ದಾಟಿ ಎರಡು ವರ್ಷ ಆಯಿತು. ಸಭೆಗೆ ಮಾತ್ರ ಲಾಭದ ಹತ್ತನೇ ಒಂದು ಪಾಲು, ಅಂದರೆ ತಿಂಗಳಿಗೆ 5,200 ದಶಮಾಂಶ ತಪ್ಪದೆ ಕೊಡುತ್ತೇನೆ. ಬೇಳೆ, ಸಕ್ಕರೆ, ಮಸಾಲೆ ಎಲ್ಲವನ್ನೂ ಕವರ್ ಸಮೇತ ತೂಗುತ್ತೇನೆ. ಯಾಕೆಂದರೆ ಸಗಟಿನವರು ಕಳಿಸುವ 50 ಕೆಜಿ ಬೇಳೆ ಚೀಲದಲ್ಲಿ ಇರುವುದು 49.4 ಕೆಜಿ. ಪರವಾನಗಿ ನವೀಕರಣಕ್ಕೆ ಒಬ್ಬ ಮಧ್ಯವರ್ತಿ 2,000 ಕೇಳಿದ್ದಾನೆ. ಅಂಗಡಿಯಲ್ಲಿ ನಾನು, ನನ್ನ ಹೆಂಡತಿ, ದಿನಕ್ಕೆ 350ರಂತೆ ಒಬ್ಬ ಹುಡುಗ ಇದ್ದೇವೆ. ಎಲ್ಲ ಸರಿಯಾಗಿ ಮಾಡಿದರೆ ಬಾಗಿಲು ಹಾಕಬೇಕಾಗುತ್ತದೆ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ವ್ಯಾಪಾರಂ ದ್ರೋಹ ಚಿಂತನಂ ಅಂತ ಗಾದೆಯೇ ಇದೆಯಲ್ಲ. ಪ್ರಾಮಾಣಿಕವಾಗಿ ಅಂಗಡಿ ನಡೆಸಿ ಬದುಕಲು ಆಗುತ್ತದೆಯೇ? ಹಿಂದಿನದಕ್ಕೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ನಾನು ಮೊದಲು ಕೈಗೆತ್ತಿಕೊಂಡದ್ದು ಸತ್ಯವೇದ (ಬೈಬಲ್) ಅಲ್ಲ, ಕ್ಯಾಲ್ಕುಲೇಟರ್. ಮೂವತ್ತು ವರ್ಷದಿಂದ ಸಣ್ಣ ವ್ಯಾಪಾರಿಗಳ ತೆರಿಗೆ ಲೆಕ್ಕ ನೋಡುವುದೇ ನನ್ನ ಹೊಟ್ಟೆಪಾಡು. ನಡುವೆ ಒಂದಷ್ಟು ವರ್ಷ ನಮ್ಮ ಸಭೆಯ ಖಜಾಂಚಿಯೂ ಆಗಿದ್ದೆ. ಹಾಗಾಗಿ ನಿಮ್ಮ ಎರಡೂ ಪುಸ್ತಕಗಳು ನನಗೆ ಹೊಸವಲ್ಲ. ತಿಂಗಳಿಗೆ 5,200 ದಶಮಾಂಶ ಅಂದರೆ ಲಾಭ 52,000. ವರ್ಷಕ್ಕೆ 6.24 ಲಕ್ಷ. ರಿಟರ್ನ್‌ನಲ್ಲಿ ಇರುವುದು 2.72 ಲಕ್ಷ. ಸಭೆಯ ರಸೀದಿ ಪುಸ್ತಕ ನಿಜ ಹೇಳುತ್ತಿದೆ, ತೆರಿಗೆ ಕಾಗದ ಅರ್ಧಕ್ಕಿಂತ ಕಡಿಮೆ ಹೇಳುತ್ತಿದೆ.

ಸತ್ಯವೇದದ ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ ಚೀಲದೊಳಗೆ ಎರಡು ತೂಕದ ಕಲ್ಲು ಇಟ್ಟುಕೊಳ್ಳಬೇಡ ಎಂಬ ಮಾತಿದೆ. ಒಂದು ದೊಡ್ಡದು, ಒಂದು ಚಿಕ್ಕದು. ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು. ನಿಮ್ಮ ಕಲ್ಲುಗಳು ಕಾಗದದವು, ಅಷ್ಟೇ ವ್ಯತ್ಯಾಸ. ಇದನ್ನು ಚುಚ್ಚಲು ಹೇಳುತ್ತಿಲ್ಲ. ನಾನು ಖಜಾಂಚಿಯಾಗಿದ್ದಾಗ ಇಂಥ ಎಷ್ಟೋ ದಶಮಾಂಶಕ್ಕೆ ರಸೀದಿ ಹರಿದು ಕೊಟ್ಟಿದ್ದೇನೆ. ಅದೇ ಜನರ ರಿಟರ್ನ್ ನನ್ನ ಮೇಜಿನ ಮೇಲೇ ಇರುತ್ತಿತ್ತು. ಒಮ್ಮೆಯೂ ಕೇಳಲಿಲ್ಲ.

ನೀವು ಮಾಡುತ್ತಿರುವುದು ತಪ್ಪೇ ಅಂತ ನೀವು ಕೇಳಿಲ್ಲ. ಅದು ನಿಮಗೇ ಗೊತ್ತು. ಸರಿಯಾಗಿ ನಡೆದರೆ ಎಷ್ಟು ಕಳೆದುಕೊಳ್ಳುತ್ತೇನೆ ಅನ್ನುವುದು ನಿಮ್ಮ ಭಯ. ಅಕ್ಕಪಕ್ಕದವರು ಆ ಭಯಕ್ಕೆ ಗಾಳಿ ಹಾಕಿದ್ದಾರೆ, ಲೆಕ್ಕ ಮಾತ್ರ ಯಾರೂ ಹಾಕಿ ಕೊಟ್ಟಿಲ್ಲ. ಈಗ ಹಾಕೋಣ.

ಅದಕ್ಕೆ ಮೊದಲು, ತಪ್ಪಲ್ಲದ್ದನ್ನು ತಲೆಯಿಂದ ಇಳಿಸಿಬಿಡಿ. ಲಾಭ ಮಾಡುವುದು ತಪ್ಪಲ್ಲ. ಹಳೆಯ ಕಾಳಿನ ವ್ಯಾಪಾರಿಗಳು ಅಳೆಯುವಾಗ ಮೊದಲ ಸೇರಿಗೆ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ಅದನ್ನು ಕೇಳಿ ಯಾವ ಗಿರಾಕಿಯೂ ಮುನಿಸಿಕೊಳ್ಳುತ್ತಿರಲಿಲ್ಲ. ಚೌಕಾಸಿಯೂ ತಪ್ಪಲ್ಲ. ಜ್ಞಾನೋಕ್ತಿಗಳ 20ನೇ ಅಧ್ಯಾಯದಲ್ಲಿ ಒಬ್ಬ ಗಿರಾಕಿ ಇದ್ದಾನೆ ನೋಡಿ: ಕೊಳ್ಳುವಾಗ ಮಾಲು ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅನ್ನುತ್ತಾನೆ, ಆಚೆ ಹೋಗಿ ಕೊಚ್ಚಿಕೊಳ್ಳುತ್ತಾನೆ. ನಮ್ಮ ಸಂತೆಯಲ್ಲೇ ಕೂತು ಬರೆದ ಹಾಗಿದೆ. ನಿಮಗೆ ಎಷ್ಟಕ್ಕೆ ಬಿತ್ತು ಅಂತ ಗಿರಾಕಿಗೆ ಹೇಳಲೇಬೇಕು ಅಂತೇನಿಲ್ಲ. ಆದರೆ 92ಕ್ಕೆ ಬಿದ್ದ ಮಾಲನ್ನು ಹಿಡಿದು "ನನಗೇ 105 ಬಿದ್ದಿದೆ, ನಿಮಗೋಸ್ಕರ ನಷ್ಟದಲ್ಲಿ ಕೊಡ್ತಿದ್ದೀನಿ" ಅನ್ನುವುದು ಬೇರೆ. ಸುಮ್ನೆ "ಇದಕ್ಕಿಂತ ಕಡಿಮೆಗೆ ಆಗಲ್ಲ" ಅಂದರೆ ಸಾಕು.

ಇನ್ನು ತಕ್ಕಡಿ. ಗ್ರಾಹಕರಿಗೆ ಕೊಡಬೇಕಾದದ್ದು ನಿವ್ವಳ ತೂಕ. ಕವರು, ಡಬ್ಬಿ, ಕಾಗದ ಅದರಲ್ಲಿ ಸೇರುವುದಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಹೇಳುವುದೂ ಅದನ್ನೇ. ಒಂದು ಕವರ್‌ಗೆ ಏನು ಮಹಾ ಅನಿಸಬಹುದು. ಇವತ್ತು ಅಂಗಡಿ ಬಾಗಿಲು ಹಾಕಿದ ಮೇಲೆ ಒಂದು ಖಾಲಿ ಕವರನ್ನು ತಕ್ಕಡಿಯ ಮೇಲೆ ಇಟ್ಟು ನೋಡಿ. ಕೊಂಚ ದಪ್ಪನೆಯದಾದರೆ 8 ಗ್ರಾಂ ತೋರಿಸುತ್ತದೆ. 45 ರೂಪಾಯಿಯ ಒಂದು ಕೆಜಿ ಸಕ್ಕರೆಯಲ್ಲಿ ಅದು 36 ಪೈಸೆ. ಯಾರೂ ಜಗಳಕ್ಕೆ ಬರುವುದಿಲ್ಲ. ಅದೇ ಕವರಿನಲ್ಲಿ ಕೆಜಿಗೆ 3,000 ರೂಪಾಯಿಯ ಏಲಕ್ಕಿ 50 ಗ್ರಾಂ ತೂಗಿ. 8 ಗ್ರಾಂ ಅಂದರೆ 24 ರೂಪಾಯಿ. ಹಬ್ಬಕ್ಕೆ ಅಂತ 150 ರೂಪಾಯಿ ಕೊಟ್ಟು ಹೋದ ಆ ಹೆಂಗಸಿಗೆ ಸಿಕ್ಕಿದ್ದು 126 ರೂಪಾಯಿಯ ಏಲಕ್ಕಿ. ಕೈ ಅದೇ, ಕವರ್ ಅದೇ, ಅಭ್ಯಾಸ ಅದೇ.

ಮಜಾ ಏನೆಂದರೆ ಇದರಿಂದ ನಿಮ್ಮ ಬೇಳೆಯ ನಷ್ಟವೂ ಪೂರ್ತಿ ತುಂಬುವುದಿಲ್ಲ. 49 ಕವರ್‌ಗೆ ಹೆಚ್ಚೂಕಡಿಮೆ 400 ಗ್ರಾಂ. ಚೀಲದಲ್ಲಿ ಕಡಿಮೆ ಬಂದದ್ದು 600 ಗ್ರಾಂ. ಕೆಜಿಗೆ 110 ಅಂತ ಹಿಡಿದರೆ ಚೀಲಕ್ಕೆ 66 ರೂಪಾಯಿ, ಅಂದರೆ ಪ್ರತಿ ಕೆಜಿಗೆ ಒಂದೂಕಾಲು, ಒಂದೂವರೆ ರೂಪಾಯಿ. ಅದನ್ನು ಬೆಲೆಗೇ ಸೇರಿಸಿ. ಬಿಡಿ ಬೇಳೆಗೆ ಎಂಆರ್‌ಪಿ ಮುದ್ರಿಸಿರುವುದಿಲ್ಲ, ಬೆಲೆ ಇಡುವವರು ನೀವೇ. 110ರ ಬದಲು 112 ಅಂತ ಬೋರ್ಡಿನಲ್ಲಿ ಬರೆಯಿರಿ. ಗಿರಾಕಿ ನೋಡುತ್ತಾನೆ, ಬೇಕಾದರೆ ಕೊಳ್ಳುತ್ತಾನೆ, ಬೇಡವಾದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ತೂಕದಲ್ಲಿ ಕಡಿದರೆ ಅವನಿಗೆ ಆ ಅವಕಾಶವೇ ಇರುವುದಿಲ್ಲ. ಬೆಲೆ ನಿಮ್ಮದು, ತೂಕ ಅವನದು. ಇದರಲ್ಲಿ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಪಕ್ಕದವನು 110 ಅಂತಲೇ ಬರೆದು ಕವರ್ ಸಮೇತ ತೂಗುತ್ತಿರುತ್ತಾನೆ, ಒಂದಿಬ್ಬರು ಅಲ್ಲಿಗೆ ಹೋಗಬಹುದು.

ಸಗಟಿನವರನ್ನೂ ಸುಮ್ಮನೆ ಬಿಡಬೇಡಿ. ಚೀಲ ಇಳಿಸುವಾಗ ಹಮಾಲರ ಎದುರೇ ತೂಗಿ, ಕಡಿಮೆ ಬಂದದ್ದನ್ನು ಅವರ ಬಿಲ್ಲಿನ ಮೇಲೆಯೇ ಬರೆದು ಸಹಿ ಹಾಕಿಸಿ. ಮೊದಲ ಸಲ ಗೊಣಗುತ್ತಾರೆ. ಎರಡನೇ ಸಲ ನಿಮ್ಮ ಅಂಗಡಿಗೆ ಬೇರೆ ಚೀಲ ಬರುತ್ತದೆ. ಇದು ನನ್ನ ಹತ್ತಾರು ಗಿರಾಕಿಗಳ ಅನುಭವ. ನ್ಯಾಯ ಅಂದರೆ ನಾವು ಮೋಸ ಮಾಡದಿರುವುದು ಮಾತ್ರವಲ್ಲ, ಕ್ರೈಸ್ತರು ಅಂತ ಹೇಳಿ ಎಲ್ಲರಿಂದಲೂ ಮೋಸ ಹೋಗುತ್ತಾ ಕೂರಬೇಕಾಗಿಲ್ಲ. ಕವರಿನ ವಿಷಯಕ್ಕೆ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ಪರಿಹಾರ ಇದೆ. ಖಾಲಿ ಕವರ್ ಇಟ್ಟು ಟೇರ್ ಗುಂಡಿ ಒತ್ತಿ. ಸೊನ್ನೆ ಬರುತ್ತದೆ. ಆಮೇಲೆ ತೂಗಿ. ಎರಡು ಸೆಕೆಂಡಿನ ಕೆಲಸ. ಹಾಗೆಯೇ ತಕ್ಕಡಿಗೆ ಈ ವರ್ಷದ ಮುದ್ರೆ ಬಿದ್ದಿದೆಯೇ ನೋಡಿಕೊಳ್ಳಿ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಪರಿಶೀಲನೆ ಆಗಬೇಕು.

ಈಗ ತೆರಿಗೆ. ಭಯ ಜಾಸ್ತಿ, ತಿಳಿವಳಿಕೆ ಕಡಿಮೆ ಇರುವ ಜಾಗ ಇದು.

2025ರ ಜುಲೈನಲ್ಲಿ ನಡೆದದ್ದು ನಿಮಗೆ ನೆನಪಿದೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ತೆಗೆದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂದ ಸುದ್ದಿ ಎಲ್ಲ ಕಡೆ ಹರಡಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಇಲಾಖೆಯ ಕೆಲಸವೂ ಅಚ್ಚುಕಟ್ಟಾಗಿ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನ ಅಂಗಡಿಗಳಲ್ಲಿ "ನೋ ಯುಪಿಐ, ಓನ್ಲಿ ಕ್ಯಾಶ್" ಚೀಟಿಗಳು ಅಂಟಿದವು. ನಿಮ್ಮ ಬೋರ್ಡು ಒಳಗೆ ಹೋಗಿದ್ದು ಆಗಲೇ ಅಲ್ವಾ.

ಆದರೆ ಬೋರ್ಡು ಒಳಗೆ ಹೋದ ಮಾತ್ರಕ್ಕೆ ವಹಿವಾಟು ಕಡಿಮೆಯಾಗುವುದಿಲ್ಲ. ಗಲ್ಲಾಪೆಟ್ಟಿಗೆಗೆ ಬಂದರೂ ಫೋನಿಗೆ ಬಂದರೂ ಕಾನೂನಿಗೆ ಒಂದೇ. ಇನ್ನೊಂದು ತಪ್ಪು ತಿಳಿವಳಿಕೆ: ಬಿಡಿ ಅಕ್ಕಿ, ಬೇಳೆಗೆ ತೆರಿಗೆ ಇಲ್ಲವಲ್ಲ, ಅದನ್ನು ವಹಿವಾಟಿಗೆ ಸೇರಿಸಬೇಕಾಗಿಲ್ಲ ಅನ್ನುವುದು. ಸೇರಿಸಬೇಕು. ತೆರಿಗೆ ಇಲ್ಲದ ವಸ್ತುಗಳನ್ನು ಮಾತ್ರ ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ಬೇಳೆಯ ಜೊತೆ ಸಾಬೂನು, ಬಿಸ್ಕತ್ತು ಮಾರುವ ನಿಮ್ಮಂಥವರಿಗೆ ಎರಡೂ ಕೂಡಿ 40 ಲಕ್ಷ ದಾಟಿದರೆ ನೋಂದಣಿ ಆಗಲೇಬೇಕು. ದಿನಕ್ಕೆ 16,000ದಂತೆ 360 ದಿನಕ್ಕೆ ನಿಮ್ಮದು 57.6 ಲಕ್ಷ.

ಸರಿ, ನೋಂದಣಿ ಆಯಿತು ಅಂತ ಇಟ್ಟುಕೊಳ್ಳಿ. ಎಷ್ಟು ಕಟ್ಟಬೇಕು? 1.5 ಕೋಟಿಯೊಳಗಿನ ವ್ಯಾಪಾರಿಗಳಿಗೆ ಕಾಂಪೋಸಿಷನ್ ಅಂತ ಒಂದು ಪದ್ಧತಿ ಇದೆ. ತೆರಿಗೆ ಬೀಳುವ ಮಾಲಿನ ಮಾರಾಟದ ಮೇಲೆ 1% ಕಟ್ಟಿದರೆ ಆಯಿತು. ಬಿಡಿ ಅಕ್ಕಿ, ಬೇಳೆಯಂಥವನ್ನು ಕಳೆದು ನಿಮ್ಮಲ್ಲಿ ತೆರಿಗೆ ಬೀಳುವ ಮಾಲು 36 ಲಕ್ಷ ಅಂತ ಅಂದಾಜು ಮಾಡೋಣ. ವರ್ಷಕ್ಕೆ 36,000. ದಿನಕ್ಕೆ 100 ರೂಪಾಯಿ. ನೀವು ಎರಡು ವರ್ಷ ನಿದ್ದೆಗೆಟ್ಟದ್ದು ಈ ನೂರು ರೂಪಾಯಿಗೆ.

ಇದರಲ್ಲಿ ತೊಂದರೆಗಳೂ ಇವೆ. ಆ 1% ನಿಮ್ಮ ಲಾಭದಿಂದಲೇ ಹೋಗುತ್ತದೆ. ಗಿರಾಕಿಯಿಂದ ಬೇರೆ ತೆರಿಗೆ ವಸೂಲಿ ಮಾಡುವ ಹಾಗಿಲ್ಲ, ಹಾಗಂತ ಬಿಲ್ಲಿನ ತಲೆಯಲ್ಲಿ ಬರೆಯಬೇಕು. ಖರೀದಿಯಲ್ಲಿ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಹಾಕಬೇಕು. ನನ್ನಂಥವರ ಫೀಸು ಬೇರೆ. ಪೋರ್ಟಲ್‌ನಲ್ಲಿ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ, ಯಾರಾದರೂ "ಇಲಾಖೆ ಶುಲ್ಕ" ಅಂದರೆ ಎದ್ದು ಬನ್ನಿ.

ಆದಾಯ ತೆರಿಗೆಯ ಕಥೆ ಇನ್ನೂ ತಮಾಷೆಯದು. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಸೊನ್ನೆ. ಅದಕ್ಕೆ ಹಿಂದಿನ ಎರಡು ವರ್ಷ ಈ ಮಿತಿ 7 ಲಕ್ಷ ಇತ್ತು. ನಿಮ್ಮ ನಿಜವಾದ ಲಾಭ 6.24 ಲಕ್ಷ. ಅಂದರೆ ನಿಜ ಬರೆದಿದ್ದರೂ ಸೊನ್ನೆ, ಸುಳ್ಳು ಬರೆದದ್ದಕ್ಕೂ ಸೊನ್ನೆ. ಇಲ್ಲದ ತೆರಿಗೆಯನ್ನು ತಪ್ಪಿಸಲು ಸುಳ್ಳು ಬರೆದಿದ್ದೀರಿ. ಜೊತೆಗೆ ನಾಳೆ ಬ್ಯಾಂಕಿಗೆ ಸಾಲ ಕೇಳಲು ಹೋದರೆ ಅವರು ನೋಡುವುದು ಆ 2.72 ಲಕ್ಷವನ್ನೇ. ಅಂದಾಜು ಲಾಭದ ಪದ್ಧತಿಯಲ್ಲಿ ನಗದು ವ್ಯಾಪಾರಕ್ಕೆ 8%, ಡಿಜಿಟಲ್‌ಗೆ 6% ಲಾಭ ಅಂತ ಕನಿಷ್ಠ ಹಿಡಿಯುತ್ತಾರೆ. ಅಂದರೆ ಕಾನೂನು ಕ್ಯೂಆರ್ ಬೋರ್ಡಿನ ಕಡೆಗೇ ಇದೆ. ಹೊರಗೆ ತಂದು ಒರೆಸಿ ಇಡಿ.

ನಿಮ್ಮ ಎರಡು ವರ್ಷದ ಹಳೇ ಜಿಎಸ್‌ಟಿ ಮಾತ್ರ ನಿಜಕ್ಕೂ ಕಷ್ಟದ ಪ್ರಶ್ನೆ. ಹಳೇ ಅವಧಿಗೆ 1%ರ ಸೌಲಭ್ಯ ಸಿಗುವುದಿಲ್ಲ, ಆಯಾ ವಸ್ತುವಿನ ಪೂರ್ತಿ ದರ, ಮೇಲೆ ವರ್ಷಕ್ಕೆ 18% ಬಡ್ಡಿ. ಮೊತ್ತ ದೊಡ್ಡದಾಗಬಹುದು. ಆ ಗಲಾಟೆಯ ಸಮಯದಲ್ಲಿ, ನೋಂದಣಿ ಮಾಡಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದ್ದರು. ಅದು ನಿಮಗೆ ಎಷ್ಟು ಅನ್ವಯಿಸುತ್ತದೆ ಅನ್ನುವುದನ್ನು ನಿಮ್ಮ ಕಾಗದಪತ್ರ ನೋಡಿದ ಸಲಹೆಗಾರರೇ ಹೇಳಬೇಕು, ಆ ಮಾತನ್ನು ನೆಚ್ಚಿ ಕೂರಬೇಡಿ. ನಿಮ್ಮ ಮುಂದೆ ಮೂರು ದಾರಿ ಇವೆ. ಸುಮ್ಮನಿದ್ದು ಕಾಯುವುದು ಒಂದು, ನೋಟಿಸ್ ಬಂದ ದಿನ ತೆರಿಗೆ, ಬಡ್ಡಿಯ ಜೊತೆ ದಂಡವೂ ಸೇರುತ್ತದೆ. ಈಗ ನೋಂದಣಿ ಮಾಡಿಕೊಂಡು ಹಳೆಯದರ ಬಗ್ಗೆ ಬಾಯಿ ಮುಚ್ಚಿಕೊಳ್ಳುವುದು ಇನ್ನೊಂದು, ಹೆಚ್ಚಿನವರು ಮಾಡುವುದು ಇದನ್ನೇ, ನಾನು ಹೌದು ಅನ್ನಲಾರೆ. ನೋಂದಣಿ ಮಾಡಿಕೊಂಡು, ಹಳೆಯದನ್ನು ಲೆಕ್ಕ ಹಾಕಿ, ಇಲಾಖೆ ಕೇಳುವ ಮೊದಲೇ ತಾನಾಗಿ ಕಟ್ಟುವುದು ಮೂರನೆಯದು. ಹಾಗೆ ಮಾಡಿದವರಿಗೆ ದಂಡ ತಪ್ಪುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. ಹಣ ಹೊಂದಿಸುವುದು ಸುಲಭವಲ್ಲ. ಆದರೂ ನನ್ನ ಮೇಜಿನ ಮುಂದೆ ಕೂತರೆ ನಾನು ನಿಮಗೆ ಹೇಳುವುದು ಇದನ್ನೇ.

ಮಧ್ಯವರ್ತಿಯ 2,000ದ ವಿಷಯ ಬರೆಯುವ ಮೊದಲು ನನ್ನದೊಂದು ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡ ವರ್ಷ ಮನೆಯ ಖಾತೆ ಬದಲಾವಣೆಗೆ ಒಂದು ಕಚೇರಿಗೆ ಐದು ಸಲ ಅಲೆದೆ. ಆರನೇ ಸಲ ಅರ್ಜಿಯ ಕೆಳಗೆ 300 ರೂಪಾಯಿ ಇಟ್ಟು ಕೊಟ್ಟೆ. ಕಚೇರಿಯ ನೌಕರ ನೋಡದವನ ಹಾಗೆ ಮೇಜಿನ ಖಾನೆ ಎಳೆದ. ಒಳಗೆ ರಸೀದಿ ಪುಸ್ತಕ, ಪಕ್ಕದಲ್ಲಿ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಹಣ ಬಿಸ್ಕತ್ತಿನ ಪಕ್ಕ ಕೂತಿತು. ಸಂಜೆಗೆ ಕೆಲಸ ಆಯಿತು. ಮುಂದಿನ ಭಾನುವಾರ ಸಭೆಯಲ್ಲಿ ಪಾಠ ಓದುವ ಸರದಿ ನನ್ನದಿತ್ತು, ಓದಿದೆ.

ಹಾಗಾಗಿ ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ನಮ್ಮದಲ್ಲದ್ದನ್ನು ಪಡೆಯಲು ಕೊಡುವ ಲಂಚಕ್ಕೂ, ನಮಗೆ ಹಕ್ಕಾಗಿ ಬರಬೇಕಾದದ್ದನ್ನು ತಡೆಹಿಡಿದು ಕಿತ್ತುಕೊಳ್ಳುವ ಹಣಕ್ಕೂ ವ್ಯತ್ಯಾಸ ಇದೆ ಅಂತ ನಾನು ಈಗಲೂ ನಂಬುತ್ತೇನೆ. ಸ್ನಾನಿಕನಾದ ಯೋಹಾನನು ಗದರಿದ್ದು ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ಕೀಳುವ ಸುಂಕದವರನ್ನು, ಬೆದರಿಸಿ ಕಸಿಯುವ ಸಿಪಾಯಿಗಳನ್ನು. ಕೊಟ್ಟು ಸೋತವರನ್ನಲ್ಲ. ಆದರೆ ಇಂದಿನ ಕಾನೂನು ನಮ್ಮನ್ನೂ ಬಿಡುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಶಿಕ್ಷೆ ಆಗಬಹುದು. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ.

ನಾನು ಅಲೆಯುತ್ತಿದ್ದ ಕಾಲಕ್ಕೆ ಇಲ್ಲದ ಒಂದು ಅನುಕೂಲ ನಿಮಗಿದೆ. 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಅರ್ಜಿ ಕೊಟ್ಟ ಕೂಡಲೇ ಒಂದು ಸಂಖ್ಯೆ ಸಿಗುತ್ತದೆ, ಇಷ್ಟು ದಿನದೊಳಗೆ ಮುಗಿಸಬೇಕು ಅಂತ ಗಡುವು ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಆ 20 ರೂಪಾಯಿ ಯಾರಿಗೆ ಬೇಕು, ಆದರೆ ಸಂಖ್ಯೆ ಇರುವ ಅರ್ಜಿಯನ್ನು ಕಳೆದುಹಾಕುವುದು ಕಷ್ಟ. ಪರವಾನಗಿ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ನೀವೇ ಅರ್ಜಿ ಹಾಕಿ. ಮಧ್ಯವರ್ತಿ ಬದುಕುವುದೇ ನಮ್ಮ ಕೊನೇ ಗಳಿಗೆಯ ಅವಸರದ ಮೇಲೆ. ಆಮೇಲೂ ಕಾಡಿದರೆ ಲೋಕಾಯುಕ್ತ ಇದೆ. ದೂರು ಕೊಟ್ಟವರಿಗೆ ಮುಂದೆ ಅದೇ ಕಚೇರಿಯಲ್ಲಿ ಕಿರಿಕಿರಿ ಆಗುವುದುಂಟು, ಅದನ್ನು ತಿಳಿದೇ ಹೆಜ್ಜೆ ಇಡಿ.

ಹಿಂದೆ ತೂಕದಲ್ಲಿ ಕಡಿದದ್ದನ್ನು ಯಾರಿಗೆ ಹಿಂದಿರುಗಿಸುವುದು? ಸತ್ಯವೇದದಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯನು ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ, ಅವನಿಗೆ ಜನರ ಹೆಸರು ಗೊತ್ತಿದ್ದಿರಬಹುದು. ನಿಮಗೆ ಆ ಏಲಕ್ಕಿಯ ಹೆಂಗಸು ಯಾರೆಂದು ಗೊತ್ತಿಲ್ಲ. ಗೊತ್ತಿರುವುದು ಉದ್ರಿ ಪುಸ್ತಕದವರು ಮಾತ್ರ, ಅವರ ಬಾಕಿಯಲ್ಲಿ ಸದ್ದಿಲ್ಲದೆ ಒಂದಿಷ್ಟು ಕಳೆಯಿರಿ. ಉಳಿದವರಿಗೆ ಕೊಸರು ಹಾಕಿ. ನಮ್ಮ ಹಿರಿಯರು ಅಳೆದು ಮುಗಿಸಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಗಿರಾಕಿಯನ್ನು ಕಳಿಸುತ್ತಿರಲಿಲ್ಲ. ಜಡಿದು, ಅಲ್ಲಾಡಿಸಿ, ಹೊರಚೆಲ್ಲುವಂತೆ ಅಳೆದು ಕೊಡುವ ಮಾತು ಲೂಕನ 6ನೇ ಅಧ್ಯಾಯದಲ್ಲಿದೆ. ಅದನ್ನು ಓದಿದಾಗಲೆಲ್ಲ ನನಗೆ ಕೊಸರೇ ನೆನಪಾಗುತ್ತದೆ. ದಯವಿಟ್ಟು ಆ ವಾಕ್ಯವನ್ನು ಬೋರ್ಡು ಬರೆಸಿ ಅಂಗಡಿಯಲ್ಲಿ ತೂಗುಹಾಕುವುದೊಂದನ್ನು ಮಾತ್ರ ಮಾಡಬೇಡಿ.

ಕೊನೆಗೆ, ನೀವು ಕೇಳದೇ ಇರುವ ಒಂದು ವಿಷಯ. ಅರ್ಧ ಸಾಲಿನಲ್ಲಿ ಬಂದು ಹೋದ ಆ ಹುಡುಗ. ಮೊದಲು ಅವನ ವಯಸ್ಸು ನೋಡಿ, 14 ದಾಟಿಲ್ಲದಿದ್ದರೆ ಕೆಲಸಕ್ಕೆ ಇಟ್ಟುಕೊಳ್ಳುವಂತೆಯೇ ಇಲ್ಲ. ದಾಟಿದ್ದರೆ, ದಿನಕ್ಕೆ 350ರಂತೆ 26 ದಿನಕ್ಕೆ 9,100. ಅಂಗಡಿ ಕೆಲಸಕ್ಕೆ ನಮ್ಮ ರಾಜ್ಯ ಗೊತ್ತುಮಾಡಿದ ಕನಿಷ್ಠ ವೇತನ ಇದಕ್ಕಿಂತ ಸಾಕಷ್ಟು ಜಾಸ್ತಿ. ಕೂಲಿಯಾಳಿನ ಕೂಲಿ ಹಿಡಿದಿಟ್ಟುಕೊಂಡವರ ಬಗ್ಗೆ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಬಳಸುವ ಭಾಷೆ ತೆರಿಗೆಯ ಬಗ್ಗೆ ಸತ್ಯವೇದದಲ್ಲಿ ಎಲ್ಲೂ ಇಲ್ಲ. ಕಾರ್ಮಿಕ ಇಲಾಖೆಯ ಈಗಿನ ದರಪಟ್ಟಿ ನೋಡಿ ಅಷ್ಟಕ್ಕೆ ಏರಿಸಿ. ತಿಂಗಳಿಗೆ 5,000 ಹೆಚ್ಚಾಯಿತು ಅಂತ ಹಿಡಿದರೆ ವರ್ಷಕ್ಕೆ 60,000. ನೀವು ಹೆದರುವ ತೆರಿಗೆಗಿಂತ ಜಾಸ್ತಿ, ಹೌದು.

ಈಗ ಕೂಡಿಸಿ. ತಿಂಗಳಿಗೆ 52,000. ಅದರಲ್ಲಿ ತೆರಿಗೆ 3,000, ಹುಡುಗನಿಗೆ 5,000 ಹೋದರೆ 44,000 ಉಳಿಯುತ್ತದೆ. ಹಳೇ ಬಾಕಿ ತೀರುವವರೆಗೆ ಇನ್ನೂ ಬಿಗಿಯಾಗುತ್ತದೆ, ಆದರೆ ಬಾಗಿಲು ಹಾಕುವ ಅಂಗಡಿಯ ಲೆಕ್ಕ ಇದಲ್ಲ. ಬರುವ ತಿಂಗಳಿಂದ ನಿಮ್ಮ ದಶಮಾಂಶ 4,400ಕ್ಕೆ ಇಳಿಯುತ್ತದೆ. ಯಾಕೆ ಕಡಿಮೆಯಾಯಿತು ಅಂತ ಖಜಾಂಚಿ ಕೇಳಿದರೆ ಕಾರಣ ಹೇಳಿ.